ಅಗತ್ಯವಿದ್ದರೆ ಬದಲಿಸಿ

2022ರ ಜೂನ್ ತಿಂಗಳ ಒಂದು ಶನಿವಾರ. ಪುಣೆಯ ಒಂದು ಸರ್ವಿಸ್ ಸೆಂಟರಿನಲ್ಲಿ ಕಾರು ಬಿಟ್ಟು, ಗಾಜಿನ ಗೋಡೆಯ ಈಚೆಗಿನ ಸೋಫಾದಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಕೆಲಸ ಮಾಡುತ್ತಿದ್ದೆ. ಆ ವಾರದ ಕೆಲಸ ಒಂದು ವಾಹನದ ಮಾಲೀಕರ ಕೈಪಿಡಿಯನ್ನು ಕನ್ನಡಕ್ಕೆ ತರುವುದು. ಪದಕ್ಕೆ ಒಂದೂವರೆ ರೂಪಾಯಿ. 'ಪರೀಕ್ಷಿಸಿ, ಅಗತ್ಯವಿದ್ದರೆ ಬದಲಿಸಿ' ಎಂಬ ವಾಕ್ಯ ಆ ಅಧ್ಯಾಯದಲ್ಲಿ ಹದಿನೇಳು ಸಲ ಬಂದಿತ್ತು. ನಾವು ಬಳಸುವ ಅನುವಾದದ ಸಾಫ್ಟ್‌ವೇರ್ ಮೊದಲನೆಯದಕ್ಕೆ ಮಾತ್ರ ದುಡ್ಡು ಲೆಕ್ಕ ಹಾಕಿ, ಉಳಿದ ಹದಿನಾರನ್ನು 'ಪುನರಾವರ್ತನೆ' ಎಂದು ಕಳೆದುಹಾಕುತ್ತದೆ. ಅದು ನಮ್ಮ ವೃತ್ತಿಯ ರಿವಾಜು, ಬೇಜಾರಿಲ್ಲ.

ಮಧ್ಯಾಹ್ನ ಮೂರಕ್ಕೆ ಬಿಲ್ ಬಂತು. 13,870 ರೂಪಾಯಿ.

ನನ್ನಂಥವರ ಲೆಕ್ಕ ಪದಗಳಲ್ಲೇ ನಡೆಯುತ್ತದೆ. ಒಂಬತ್ತು ಸಾವಿರದ ಇನ್ನೂರು ಚಿಲ್ಲರೆ ಪದ. ನಾಲ್ಕು ದಿನದ ದುಡಿಮೆ. ಕಾರು ಕೆಟ್ಟಿರಲಿಲ್ಲ, ಎಲ್ಲೂ ತಾಗಿರಲಿಲ್ಲ. 40,000 ಕಿಲೋಮೀಟರ್ ಆಗಿತ್ತು, ಅಷ್ಟೆ. ಕಾರ್ಡು ಉಜ್ಜಿ ಹೊರಬಂದೆ. ರಾತ್ರಿ ಫೋನಿನಲ್ಲಿ ಧಾರವಾಡದ ಅವ್ವನಿಗೆ ಹೇಳಿದಾಗ, "ಏನ್ ಬಂಗಾರದ ಎಣ್ಣಿ ಹಾಕ್ಯಾರೇನವಾ?" ಅಂದಳು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏನು ಹಾಕಿದ್ದಾರೆಂದು ಗೊತ್ತಿದ್ದರೆ ತಾನೆ ಹೇಳುವುದು? ಬೇರೆಯವರ ವಾಹನದ ಕೈಪಿಡಿಯನ್ನು ಪದಪದ ಓದಿ ಕನ್ನಡ ಮಾಡುತ್ತಿದ್ದ ನಾನು, ನನ್ನ ಕಾರಿನ ಕೈಪಿಡಿಯನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಅದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಕೊಂಡ ದಿನದ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

ಈ ಬರಹದ ವಾದ ಇಷ್ಟು: ವಾರಂಟಿ ಮುಗಿದ ಸಾಮಾನ್ಯ ಪೆಟ್ರೋಲ್ ಕಾರಿನ ವರ್ಷಾವಧಿ ಸರ್ವಿಸ್‌ಗೆ ಕಂಪನಿಯ ಡೀಲರ್ ಬೇಕಿಲ್ಲ. ಬೇಕಾಗಿರುವುದು ಕೈಪಿಡಿ ಓದುವ ಒಂದು ಸಂಜೆ, ಕೆಲಸ ಗೊತ್ತಿರುವ ಒಬ್ಬ ಮೇಸ್ತ್ರಿ, ಮತ್ತು ಆ ಮೇಸ್ತ್ರಿಗೆ ಸರಿಯಾದ ಕೂಲಿ ಕೊಡುವ ಮನಸ್ಸು. ಮೊದಲ ಎರಡನ್ನು ಬಹಳ ಜನ ಹೇಳುತ್ತಾರೆ. ಮೂರನೆಯದನ್ನು ಕಲಿಯಲು ನಾನು ತೆತ್ತ ಬೆಲೆ ರೂಪಾಯಿಯ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಬಿಲ್ಲಿನ ವ್ಯಾಕರಣ

ಆ ಭಾನುವಾರ ಬಿಲ್ ಒಂದು ಕಡೆ, ಕೈಪಿಡಿ ಇನ್ನೊಂದು ಕಡೆ ಇಟ್ಟುಕೊಂಡು ಕೂತೆ. ಎರಡು ಪಠ್ಯಗಳನ್ನು ಎದುರುಬದುರು ಇಟ್ಟು ತಾಳೆ ನೋಡುವುದು ಗೊತ್ತಿರುವ ಕೆಲಸವೇ.

ಬಿಲ್ಲಿನಲ್ಲಿ ಹೀಗಿತ್ತು: ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ 2,150. ಏರ್ ಫಿಲ್ಟರ್ 420. ಏಸಿ ಫಿಲ್ಟರ್ 480. ಬ್ರೇಕ್ ಆಯಿಲ್ 390. ಸರ್ವಿಸ್ ಕೂಲಿ 2,400. ಎಂಜಿನ್ ಫ್ಲಶ್ 750. ಏಸಿ ಕೊಳವೆಗಳ ಕ್ರಿಮಿನಾಶ 1,150. ಥ್ರಾಟಲ್ ಬಾಡಿ ಕ್ಲೀನಿಂಗ್ 1,180. ಬ್ರೇಕ್ ಕ್ಲೀನಿಂಗ್ 1,250. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 1,350. ಒಳಾಂಗಣದ ಶುಚಿ ಮತ್ತು ಪಾಲಿಶ್ 1,600. ವೈಪರ್ ಬ್ಲೇಡ್ 750.

ಕೈಪಿಡಿಯ ಕೊನೆಯಲ್ಲಿ ಒಂದು ಕೋಷ್ಟಕ ಇರುತ್ತದೆ. ನಿಮ್ಮ ಕಾರಿನದರಲ್ಲೂ ಇದೆ. ಎಡಗಡೆ ಭಾಗಗಳ ಹೆಸರು, ಮೇಲುಗಡೆ ಕಿಲೋಮೀಟರ್ ಮತ್ತು ತಿಂಗಳು, ಮಧ್ಯದ ಮನೆಗಳಲ್ಲಿ ಒಂಟಿ ಅಕ್ಷರಗಳು. ನನ್ನದರಲ್ಲಿ 'ಐ' ಮತ್ತು 'ಆರ್' ಎಂಬ ಎರಡೇ ಅಕ್ಷರ. 'ಆರ್' ಎಂದರೆ ಬದಲಿಸಿ. 'ಐ' ಎಂದರೆ ಪರೀಕ್ಷಿಸಿ. ಅಗತ್ಯವಿದ್ದರೆ ಶುಚಿಗೊಳಿಸಿ, ಸರಿಹೊಂದಿಸಿ ಅಥವಾ ಬದಲಿಸಿ.

40,000ದ ಕಂಬಸಾಲಿನಲ್ಲಿ 'ಆರ್' ಇದ್ದದ್ದು ಎಂಜಿನ್ ಆಯಿಲ್, ಅದರ ಫಿಲ್ಟರ್, ಏರ್ ಫಿಲ್ಟರ್, ಮತ್ತು ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಬ್ರೇಕ್ ಆಯಿಲ್. ಕೂಲಿ ಸೇರಿ 5,360 ರೂಪಾಯಿ. ವೈಪರ್ ನಿಜವಾಗಿ ಸವೆದಿತ್ತು. ಅಲೈನ್‌ಮೆಂಟ್ ಮಾಡಿಸಿದ್ದೂ ಒಳ್ಳೆಯದೇ ಆಯಿತು. ಉಳಿದದ್ದು 6,410. ಅದರಲ್ಲಿ ಏಸಿ ಫಿಲ್ಟರ್ ಹಿಂದಿನ ವರ್ಷವಷ್ಟೇ ಹೊಸದಾಗಿತ್ತು. ಎಂಜಿನ್ ಫ್ಲಶ್ ಎಂಬ ಮಾತೇ ಕೈಪಿಡಿಯಲ್ಲಿಲ್ಲ. ಬ್ರೇಕ್ ಬಿಚ್ಚಿ ನೋಡುವುದು 'ಐ' ಪಟ್ಟಿಯಲ್ಲೇ ಇದೆ, ಅಂದರೆ ಸರ್ವಿಸ್ ಕೂಲಿಯ ಒಳಗೇ ಬರಬೇಕಾದದ್ದು. ಅದೇ ಕೆಲಸ 'ಬ್ರೇಕ್ ಕ್ಲೀನಿಂಗ್' ಎಂಬ ಹೆಸರಿನಲ್ಲಿ ಇನ್ನೊಮ್ಮೆ ಬಂದಿತ್ತು. ನನಗೆ ಪುನರಾವರ್ತನೆಗೆ ದುಡ್ಡು ಕೊಡುವುದಿಲ್ಲ. ಅವರಿಗೆ ಎರಡೂ ಸಲ ಪೂರ್ತಿ.

ಇದನ್ನು ಮೋಸ ಎನ್ನಲಾರೆ. ಬೆಳಿಗ್ಗೆ ಅಡ್ವೈಸರ್ ಹುಡುಗ ಜಾಬ್ ಕಾರ್ಡ್ ಮುಂದಿಟ್ಟು, ಒಂದೊಂದನ್ನೂ ಓದಿ ಹೇಳಿ, ಸಹಿ ತೆಗೆದುಕೊಂಡಿದ್ದ. ಹೂಂ ಅಂದವಳು ನಾನೇ. ನನ್ನ ತಕರಾರು ಆ 'ಅಗತ್ಯವಿದ್ದರೆ' ಎಂಬ ಪದದ ಮೇಲೆ. ಯಾರಿಗೆ ಅಗತ್ಯ? ಯಾರು ನಿರ್ಧರಿಸಬೇಕು? ಇಂಗ್ಲಿಷಿನಲ್ಲಿ ಆ ವಾಕ್ಯಕ್ಕೆ ಕರ್ತೃ ಇಲ್ಲ. ನಾನು ಮಾಡಿದ ಕನ್ನಡದಲ್ಲೂ ಇಲ್ಲ. ಕರ್ತೃವಿನ ಆ ಖಾಲಿ ಕುರ್ಚಿಯಲ್ಲಿ ಮಾಲೀಕ ಕೂರದಿದ್ದರೆ ಮಾರುವವನು ಕೂರುತ್ತಾನೆ. ಮಾರುವವನಿಗೆ ತಿಂಗಳ ಟಾರ್ಗೆಟ್ ಇರುತ್ತದೆ.

ಕೋಷ್ಟಕದ ಕೆಳಗೆ ಸಣ್ಣ ಅಕ್ಷರದ ಇನ್ನೆರಡು ಮಾತುಗಳಿವೆ, ಅವನ್ನೂ ಓದಿ. ಒಂದು, 'ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು.' ಮನೆಯಿಂದಲೇ ಕೆಲಸ ಮಾಡಿ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವವರೂ ವರ್ಷ ತುಂಬಿದಾಗ ಆಯಿಲ್ ಬದಲಿಸಬೇಕು. ಇನ್ನೊಂದು, 'ಕಠಿಣ ಪರಿಸ್ಥಿತಿಯಲ್ಲಿ ಅವಧಿ ಕಡಿಮೆ ಮಾಡಿ.' ಕಠಿಣ ಎಂದರೆ ಹಿಮಾಲಯವೇ ಆಗಬೇಕಿಲ್ಲ. ಧೂಳು, ಪದೇ ಪದೇ ಎರಡೆರಡು ಕಿಲೋಮೀಟರಿನ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್. ಅಂಧೇರಿಯಲ್ಲೋ ಹಿಂಜೆವಾಡಿಯಲ್ಲೋ ಗುರುಗ್ರಾಮದಲ್ಲೋ ಇರುವ ನಮ್ಮಲ್ಲಿ ಹೆಚ್ಚಿನವರು ಆ ಪಟ್ಟಿಗೇ ಸೇರಿದವರು. ಕೈಪಿಡಿ ಓದಿದರೆ ಖರ್ಚು ಬರೀ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ. ಕೆಲವು ಕಡೆ ಹೆಚ್ಚೂ ಆಗುತ್ತದೆ. ಆದರೆ ಆ ಖರ್ಚು ಕಾರು ಕೇಳಿದ ಖರ್ಚು.

ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ

"ಹೊರಗೆ ಮಾಡಿಸಿದ್ರೆ ವಾರಂಟಿ ಕ್ಯಾನ್ಸಲ್." ಈ ಮಾತನ್ನು ನೀವೂ ಕೇಳಿರುತ್ತೀರಿ. ಮುಂಬೈಯಲ್ಲಿ ಮರಾಠಿಯಲ್ಲಿ, ಚೆನ್ನೈಯಲ್ಲಿ ತಮಿಳಿನಲ್ಲಿ, ಹೈದರಾಬಾದಿನಲ್ಲಿ ಮೂರು ಭಾಷೆ ಕಲಸಿ.

ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಒಂದು ಆದೇಶ ಕೊಟ್ಟಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ತಮ್ಮ ಡೀಲರುಗಳ ಕೈಯಲ್ಲೇ ಇಟ್ಟುಕೊಂಡು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಸ್ಪರ್ಧೆಗೆ ಮಾರಕ ಎಂಬುದು ಅದರ ಸಾರ. ದಂಡ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು. ಮೇಲ್ಮನವಿಗಳಾದವು, ವ್ಯಾಜ್ಯ ಮುಂದುವರಿಯಿತು. ದಂಡದ ಮೊತ್ತಕ್ಕಿಂತ ನಮಗೆ ಮುಖ್ಯವಾದ ಸಾಲು ಬೇರೆ ಇದೆ. ಗ್ರಾಹಕ ಹೊರಗಿನ ಗ್ಯಾರೇಜಿಗೆ ಹೋದ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕಕೂಡದು. ಹೊರಗಿನ ರಿಪೇರಿಯ ದೋಷದಿಂದ ಎಷ್ಟು ಹಾನಿಯಾಯಿತೋ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಅದರಲ್ಲಿ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಇವೆ.

ಹಾಗಂತ ಈ ಆದೇಶವನ್ನು ಕೌಂಟರಿನಲ್ಲಿ ಓದಿ ಹೇಳಿದ ತಕ್ಷಣ ಕ್ಲೇಮು ಪಾಸಾಗುವುದಿಲ್ಲ. ಎಂಜಿನ್ನಿನಂಥ ದೊಡ್ಡ ಭಾಗ ಕೈಕೊಟ್ಟಾಗ ಎರಡು ವರ್ಷ ಗ್ರಾಹಕ ಆಯೋಗಕ್ಕೆ ಅಲೆಯುವ ತಾಳ್ಮೆ ಎಷ್ಟು ಜನಕ್ಕಿದೆ? ಆದ್ದರಿಂದ ನನ್ನ ಸಲಹೆ ನೀರಸವಾದದ್ದು. ವಾರಂಟಿ ಇರುವವರೆಗೆ ಡೀಲರ್ ಬಳಿಗೇ ಹೋಗಿ. ಮೊದಲ ಕೆಲವು ಸರ್ವಿಸ್‌ಗಳಿಗೆ ಸಾಮಾನ್ಯವಾಗಿ ಕೂಲಿಯೂ ಇರುವುದಿಲ್ಲ. ಆದರೆ ಹೋಗುವಾಗ ಕೋಷ್ಟಕದ ಆ ಕಂಬಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಇದರಲ್ಲಿ ಇರುವುದನ್ನು ಮಾಡಿ. ಇಲ್ಲದ್ದು ಏನಾದರೂ ಬೇಕು ಅನ್ನಿಸಿದರೆ ಫೋಟೊ ತೆಗೆದು ಕಳಿಸಿ, ಆಮೇಲೆ ಹೇಳುತ್ತೇನೆ" ಎನ್ನಿ. ಅದನ್ನು ಜಾಬ್ ಕಾರ್ಡಿನ ಮೇಲೂ ಬರೆಸಿ. ನನ್ನ ಗೆಳತಿಯೊಬ್ಬಳು ಇಷ್ಟನ್ನೇ ಮಾಡಿ ಮುಂದಿನ ಬಿಲ್ಲನ್ನು ಅರ್ಧಕ್ಕೆ ಇಳಿಸಿದಳು, ಡೀಲರನ್ನು ಬಿಡದೆಯೇ.

ಇನ್ನೂರು ರೂಪಾಯಿ ಉಳಿಸಿದ ಕಥೆ

ನನ್ನ ವಾರಂಟಿ ಮುಗಿದಿತ್ತು. ಕೈಪಿಡಿ ಓದಿ ಬುದ್ಧಿ ಬಂದಿತ್ತು. ಬುದ್ಧಿ ಬಂದವರಿಗೆ ಬರುವ ಸೊಕ್ಕೂ ಬಂದಿತ್ತು.

2023ರ ಮೇ ತಿಂಗಳಲ್ಲಿ, 50,000ಕ್ಕೆ, ಆಯಿಲ್ ಡಬ್ಬಿ ಮತ್ತು ಫಿಲ್ಟರ್ ನಾನೇ ಕೊಂಡು ಮನೆ ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ಆಯಿಲ್ ಬದಲಿಸಿ, ಬ್ರೇಕು ಬೆಲ್ಟು ನೋಡಿಕೊಡಲು 600 ಕೇಳಿದರು. ನಾನು 400 ಅಂದೆ. "ಸಾಮಾನು ನನ್ನದೇ, ಬರೀ ನಟ್ ಬಿಚ್ಚಿ ಹಾಕೋದು ತಾನೆ?" ಎಂದೂ ಅಂದೆ. ಆ ಮಾತು ಈಗಲೂ ನೆನಪಿದೆ. "ಇಂಗ್ಲಿಷಿನಲ್ಲಿ ಇದೆಯಲ್ಲ, ಕನ್ನಡದಲ್ಲಿ ಟೈಪ್ ಮಾಡೋದು ತಾನೆ?" ಎಂದು ನನಗೆ ಏಜೆನ್ಸಿಯವರು ಹೇಳುವ ಧಾಟಿಯೇ ಅದು. ಅವರು ಒಪ್ಪಿದರು. ಇಪ್ಪತ್ತೈದು ನಿಮಿಷದಲ್ಲಿ ಕಾರು ಸಿದ್ಧ. ಡೀಲರ್ ಬಿಲ್ಲಿನ ಮುಂದೆ ಇದು ಏನೂ ಅಲ್ಲ ಎಂದು ಬೀಗಿದೆ.

ಮೂರು ವಾರದ ಮೇಲೆ ಒಂದು ರಾತ್ರಿ ತಮ್ಮನ ಫೋನು. ಅವ್ವ ಮಧ್ಯಾಹ್ನ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು. ಮರುದಿನ ಎರಡು ಗಂಟೆಗೆ ಆಪರೇಷನ್. ಪುಣೆಯಿಂದ ಧಾರವಾಡ ನಾನೂರು ಕಿಲೋಮೀಟರಿಗೂ ಹೆಚ್ಚು. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಹನ್ನೆರಡಕ್ಕೆ ಅವ್ವನ ಹತ್ತಿರ ಇರಬಹುದು.

ಐದಕ್ಕೆ ಪಾರ್ಕಿಂಗಿಗೆ ಇಳಿದೆ. ಬ್ಯಾಗು ಕೆಳಗಿಡುವಾಗ ಮೊಬೈಲಿನ ಬೆಳಕಿನಲ್ಲಿ, ಕಾರಿನ ಮುಂಭಾಗದ ಕೆಳಗೆ, ಅಂಗೈ ಅಗಲದ ಕಪ್ಪು ಕಲೆ ಕಂಡಿತು. ಬೆರಳಿಟ್ಟರೆ ಎಣ್ಣೆ. ಕೈಪಿಡಿಯಲ್ಲಿ ಓದಿದ್ದಂತೆ ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದೆ. ಎಣ್ಣೆ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತಿರಲಿಲ್ಲ. ಎಣ್ಣೆ ಡಬ್ಬಿಯ ಚಿತ್ರದ ಆ ಕೆಂಪು ದೀಪ ಹೇಳುವುದು ಎಣ್ಣೆಯ ಒತ್ತಡ ಕುಸಿಯಿತೆಂದು, ಮಟ್ಟ ಇಳಿಯಿತೆಂದಲ್ಲ. ಅದು ಹತ್ತುವ ಹೊತ್ತಿಗೆ ಎಂಜಿನ್ನಿಗೆ ಪೆಟ್ಟು ಬಿದ್ದಿರಬಹುದು. ಡಿಕ್ಕಿಯಲ್ಲಿ ಉಳಿದಿದ್ದ ಅರ್ಧ ಲೀಟರ್ ಸುರಿದು ಹೊರಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಎಷ್ಟು ಸೋರುತ್ತಿದೆ, ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಿಲ್ಲದೆ ಖಂಬಾಟಕಿ ಘಾಟ್ ಹತ್ತುವ ಧೈರ್ಯ ಆಗಲಿಲ್ಲ. ಸ್ವಾರಗೇಟಿಗೆ ಆಟೋ ಹಿಡಿದು ಬಸ್ಸು ಹತ್ತಿದೆ.

ಎರಡು ಗಂಟೆಗೆ ಬಸ್ಸು ಬೆಳಗಾವಿ ಮುಟ್ಟಿರಲಿಲ್ಲ. ತಮ್ಮ ಅವ್ವನ ಕಿವಿಗೆ ಫೋನು ಹಿಡಿದ. "ಸಾವಕಾಶ ಬಾ" ಅಂದಳು. ಆಮೇಲೆ ಒಳಗೆ ಒಯ್ದರು.

ಆಪರೇಷನ್ ಸರಿಯಾಗಿಯೇ ಆಯಿತು. ಅವ್ವ ಈಗ ವಾಕರ್ ಹಿಡಿದು ಅಂಗಳದ ತುಳಸಿಕಟ್ಟೆಯವರೆಗೆ ನಡೆಯುತ್ತಾಳೆ. ಆದರೆ ಆ ದಿನ ಅವಳ ಎಪ್ಪತ್ತೊಂದು ವರ್ಷದ ಕೈ ಹಿಡಿದು ಥಿಯೇಟರಿನ ಬಾಗಿಲತನಕ ಹೋಗಬೇಕಾದವಳು ನಾನಾಗಿದ್ದೆ.

ಪುಣೆಗೆ ಮರಳಿದ ಮೇಲೆ ಪರಿಚಯದವರು ಒಬ್ಬ ಮೇಸ್ತ್ರಿಯನ್ನು ಕಳಿಸಿದರು. ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ. ಕಾರಿನ ಕೆಳಗೆ ತೂರಿ, ಎಣ್ಣೆ ಇಳಿಸುವ ನಟ್ ಬಿಚ್ಚಿ, ಬಳೆಯಂಥ ಒಂದು ಸಣ್ಣ ವಾಶರ್ ತಂದು ನನ್ನ ಅಂಗೈ ಮೇಲೆ ಇಟ್ಟರು. ಚಪ್ಪಟೆಯಾಗಿ ಒಂದು ಬದಿ ಸವೆದಿತ್ತು. ಆ ವಾಶರ್ ಪ್ರತಿ ಸಲ ಎಣ್ಣೆ ಬದಲಿಸುವಾಗಲೂ ಹೊಸದು ಹಾಕಬೇಕು. ಹಳೆಯದನ್ನೇ ತಿರುವಿ ಹಾಕಿದ್ದರು.

"ಇಪ್ಪತ್ತು ರೂಪಾಯಿದ ಐತ್ರಿ ಅಕ್ಕಾರ ಇದು" ಅಂದರು. ಆಮೇಲೆ, "ಅವರಿಗೆ ಕೂಲಿ ಎಷ್ಟು ಕೊಟ್ಟಿದ್ರಿ?"

"ನಾನೂರು ಅಣ್ಣಾರ. ಆರನೂರು ಕೇಳಿದ್ರು."

ಅವರು ಏನೂ ಅನ್ನಲಿಲ್ಲ. ಕೈ ಒರೆಸಿಕೊಂಡು ಹೊಸ ವಾಶರ್ ಹಾಕಲು ಮತ್ತೆ ಕೆಳಗೆ ತೂರಿದರು.

ತಪ್ಪು ಆ ಗ್ಯಾರೇಜಿನದು, ಅನುಮಾನವಿಲ್ಲ. 400ಕ್ಕೆ ಒಪ್ಪಿದ ಮೇಲೆ 400ಕ್ಕೂ ನೆಟ್ಟಗೆ ಮಾಡಬೇಕಿತ್ತು. ವಾಶರ್ ತಂದಿರಾ ಎಂದು ನನ್ನನ್ನು ಕೇಳಬಹುದಿತ್ತು. ಆದರೆ ಪದಕ್ಕೆ ಎಂಬತ್ತು ಪೈಸೆಗೆ ಇಳಿಸಿದ ಏಜೆನ್ಸಿಗೆ ಯಾವ ಗುಣಮಟ್ಟದ ಅನುವಾದ ಸಿಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ದರದಲ್ಲಿ ಯಾರೂ ಎರಡನೇ ಸಲ ಓದುವುದಿಲ್ಲ, ಓದಲಾರರು. ಕಡಿತ ಮೊದಲು ಬೀಳುವುದು ತಿರುಗಿ ನೋಡುವ ಆ ಹತ್ತು ನಿಮಿಷದ ಮೇಲೆ. ಕಾರಿನಲ್ಲೂ ನಾನು ಕಡಿದದ್ದು ಅದನ್ನೇ.

ಈಗ ಹೇಗೆ ಮಾಡಿಸುತ್ತೇನೆ

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕೆಲಸವನ್ನು ಮೂರು ಪಾಲು ಮಾಡುತ್ತೇನೆ.

ಮೊದಲನೆಯದು ನಾನೇ ಮಾಡುವುದು. ಹದಿನೈದು ದಿನಕ್ಕೊಮ್ಮೆ, ಕಾರು ತಣ್ಣಗಿರುವಾಗ, ಎಣ್ಣೆಯ ಮಟ್ಟ ಮತ್ತು ಕೂಲಂಟ್ ಮಟ್ಟ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಡುತ್ತದೆ, ನೆನಪಿರಲಿ. ಟೈರಿನ ಗಾಳಿ, ಸ್ಟೆಪ್ನಿಯದೂ ಸೇರಿ. ಎಷ್ಟು ಇರಬೇಕೆಂಬ ಚೀಟಿ ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಬದಲಿಸಲೇಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರ್ ಕೊಳ್ಳುವಾಗ ಮೊದಲು ಅದನ್ನು ನೋಡಿ. ವೈಪರ್ ಬ್ಲೇಡ್ ಮತ್ತು ಏಸಿ ಫಿಲ್ಟರ್ ಬದಲಿಸಲು ನನ್ನ ಕಾರಿನಲ್ಲಿ ಪಾನಾ ಕೂಡ ಬೇಡ. ಫಿಲ್ಟರ್ ಇರುವುದು ಕೈಪಿಡಿ ಇಡುವ ಖಾನೆಯ ಹಿಂದೆಯೇ. ನಾಲ್ಕು ವರ್ಷ ಅವೆರಡೂ ಅಕ್ಕಪಕ್ಕ ಇದ್ದವು, ಎರಡನ್ನೂ ನಾನು ನೋಡಿರಲಿಲ್ಲ.

ಎರಡನೆಯದು ಮೇಸ್ತ್ರಿಯ ಕೆಲಸ: ಆಯಿಲ್, ಫಿಲ್ಟರ್, ಪ್ಲಗ್, ಬ್ರೇಕ್, ಸಸ್ಪೆನ್ಷನ್, ಕೆಳಗೆ ತೂರಿ ನೋಡಬೇಕಾದದ್ದೆಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನೀವು ತೂರಬೇಡಿ. ಬ್ರೇಕಿನ ಮೇಲೆ ಪ್ರಯೋಗ ಮಾಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದಂತೆ ಅದರ ಕುದಿಬಿಂದು ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಪೆಡಲ್ ಮೆತ್ತಗಾಗಬಹುದು. ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ಇದನ್ನು ಮುಂದೂಡುವವರು ಬಹಳ. ಇಲ್ಲಿ ಉಳಿಸಬೇಡಿ.

ಮೂರನೆಯದು ಡೀಲರ್ ಕೆಲಸವೇ: ಕಂಪನಿ ಹಿಂದಕ್ಕೆ ಕರೆದು ಉಚಿತವಾಗಿ ಸರಿಪಡಿಸುವ ದೋಷಗಳು, ಏರ್‌ಬ್ಯಾಗ್, ಸಾಫ್ಟ್‌ವೇರ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಹೈ ವೋಲ್ಟೇಜ್ ಭಾಗಗಳು.

ಸಾಮಾನು ಕೊಳ್ಳುವಾಗ ಪದಗಳ ಮೇಲೆ ಕಣ್ಣಿಡಿ. ನನ್ನ ಕಾರಿಗೆ 5ಡಬ್ಲ್ಯೂ-30 ಎಣ್ಣೆ. ಈ 'ಡಬ್ಲ್ಯೂ' ವೆಯ್ಟ್ ಅಲ್ಲ, ವಿಂಟರ್. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಗಟ್ಟಿ ಎಂಬುದಕ್ಕೆ. "ನಮ್ಮ ಕಡಿ ಬಿಸಲಿಗೆ ದಪ್ಪ ಎಣ್ಣಿನ ಛಲೋ" ಎಂದು ಡ್ರಮ್ಮಿನಿಂದ 20ಡಬ್ಲ್ಯೂ-40 ಸುರಿಯಲು ಬರುವವರಿದ್ದಾರೆ. ಕೈಪಿಡಿಯಲ್ಲಿ ಬರೆದದ್ದನ್ನೇ ಹಾಕಿಸಿ, ಸೀಲು ನಿಮ್ಮ ಎದುರೇ ಒಡೆಯಲಿ. ಬಿಡಿಭಾಗಗಳಿಗೆ ಪುಣೆಯಲ್ಲಿ ನಾನಾ ಪೇಠ್, ಚೆನ್ನೈಯಲ್ಲಿ ಜಿ.ಪಿ. ರೋಡ್, ದೆಹಲಿಯಲ್ಲಿ ಕಾಶ್ಮೀರಿ ಗೇಟ್, ಸಿಕಂದರಾಬಾದಿನಲ್ಲಿ ರಾಣಿಗಂಜ್, ಬೆಂಗಳೂರಿನಲ್ಲಿ ಜೆ.ಸಿ. ರೋಡ್. ಈ ಪೇಟೆಗಳಲ್ಲಿ ಅಸಲಿಯ ಪಕ್ಕದಲ್ಲೇ ನಕಲಿಯೂ ಇರುತ್ತದೆ. ಕಂಪನಿಯ ಅಧಿಕೃತ ವಿತರಕರ ಅಂಗಡಿ ಹುಡುಕಿ, ಬಿಲ್ ಕೇಳಿ. ಅರ್ಧ ಬೆಲೆಗೆ ಸಿಗುವ ಬ್ರೇಕ್ ಪ್ಯಾಡ್ ನೋಡಿದರೆ ಅಲ್ಲಿಂದ ಕಾಲು ಕೀಳಿ.

2024ರಲ್ಲಿ, 60,000ಕ್ಕೆ, ಲೆಕ್ಕ ಹೀಗಾಯಿತು: ಎಣ್ಣೆ 1,600, ಫಿಲ್ಟರ್ 120, ವಾಶರ್ 20, ಏಸಿ ಫಿಲ್ಟರ್ 320, ಬ್ರೇಕ್ ಆಯಿಲ್ 250, ಕೂಲಿ 1,200. ಒಟ್ಟು 3,510. ಅದೇ ಸರ್ವಿಸ್‌ಗೆ ಡೀಲರ್ ಫೋನಿನಲ್ಲಿ ಹೇಳಿದ ಅಂದಾಜು 8,700. ಉಳಿದದ್ದು 5,190; ನನ್ನ ಲೆಕ್ಕದಲ್ಲಿ ಮೂರೂವರೆ ಸಾವಿರ ಪದಗಳ ಹತ್ತಿರ. ಕೂಲಿ 1,200 ಎಂದಾಗ ನಾನು ಚೌಕಾಸಿ ಮಾಡಲಿಲ್ಲ. ಅಣ್ಣಾರು ನಾಲ್ಕೂ ಚಕ್ರ ಬಿಚ್ಚಿ, ಪ್ಯಾಡು ಎಷ್ಟು ಉಳಿದಿದೆ ಎಂದು ತೋರಿಸಿ, "ಇನ್ನೊಂದು ವರ್ಷ ಓಡ್ತಾವ್ರಿ" ಅಂದರು. 'ಅಗತ್ಯವಿಲ್ಲ' ಎಂದು ಹೇಳಲು ಅವರು ತೆಗೆದುಕೊಂಡ ಆ ಒಂದು ಗಂಟೆಗೂ ಬೆಲೆ ಇದೆ.

ಒಪ್ಪದವರಿಗೆ

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳು ನಿಜವಾದವೇ. ಡೀಲರ್ ಕೊಡುವ ಬಿಲ್ಲಿನಲ್ಲಿ ಕೂಲಿಯ ಮೇಲೂ ಶೇಕಡ 18 ಜಿಎಸ್‌ಟಿ ಇದೆ, ಕಟ್ಟಡದ ಬಾಡಿಗೆ ಇದೆ, ನಾಳೆ ಜಗಳ ಬಂದರೆ ಹಿಡಿದು ಕೇಳಲು ಒಂದು ಕಾಗದ ಇದೆ. ಸಣ್ಣ ಗ್ಯಾರೇಜಿನಲ್ಲಿ ಆ ಕಾಗದ ಇಲ್ಲ. ನನ್ನ ವಾಶರ್ ಪ್ರಕರಣದಲ್ಲಿ ನಾನು ಯಾರ ಮುಂದೆ ಏನು ತೋರಿಸಲಿ? ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಕಂಪನಿಯ ಸರ್ವಿಸ್ ದಾಖಲೆ ಕೇಳುತ್ತಾರೆ. ನಾಲ್ಕೈದು ವರ್ಷಕ್ಕೆ ಕಾರು ಮಾರುವವರಿಗೆ ಡೀಲರ್ ಸೀಲುಗಳೇ ಲಾಭ ತರಬಹುದು. ಓಡುವಷ್ಟು ದಿನ ಓಡಿಸುವ ನನ್ನಂಥವರ ಲೆಕ್ಕ ಬೇರೆ. ಸಮಯವೂ ದುಡ್ಡೇ: ನಾನಾ ಪೇಠಿಗೆ ಹೋಗಿ ಬರಲು ಅರ್ಧ ದಿನ ಬೇಕು. ದಿನಕ್ಕೆ ಹತ್ತು ಸಾವಿರ ದುಡಿಯುವವರು ಸೋಫಾದಲ್ಲಿ ಕೂತು ಕಾಯುವುದೇ ಮೇಲು. ಆದರೆ ಅವರೂ ಜಾಬ್ ಕಾರ್ಡಿಗೆ ಸಹಿ ಮಾಡುವ ಮೊದಲು ಕೋಷ್ಟಕ ನೋಡಿಕೊಂಡು ಹೋಗಲಿ.

ಕಾಗದದ ಕೊರತೆಗೆ ನಾನು ಕಂಡುಕೊಂಡ ಉಪಾಯ ಹೊಸದೇನಲ್ಲ. ಅಪ್ಪ ಇದ್ದಾಗ ಅವನ ಬಜಾಜ್ ಚೇತಕ್‌ಗೆ ಒಂದು ಎಲ್‌ಐಸಿ ಡೈರಿ ಇಟ್ಟಿದ್ದ. ತಾರೀಖು, ಕಿಲೋಮೀಟರ್, ಕೆಲಸ, ದುಡ್ಡು. 'ಪ್ಲಗ್ ಸಾಫ್. ಗೇರ್ ಆಯಿಲ್ ಬದಲು. ಕ್ಲಚ್ ಕೇಬಲ್ ಹೊಸಾದು, ರೂ. 35.' ಗ್ಯಾರೇಜಿನ ಹುಡುಗ ಕೆಲಸ ಮಾಡುವಾಗ ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ, ನನಗೆ ಬೇಸರ. ಮುಗಿದ ಮೇಲೆ ಆ ಹುಡುಗನಿಗೆ ಚಹಾ ತರಿಸಿ, ಡೈರಿಯಲ್ಲಿ ಅವನ ಎದುರೇ ಬರೆಯುತ್ತಿದ್ದ. ಅಪ್ಪನಿಗೆ ಎಂಜಿನ್ ಗೊತ್ತಿರಲಿಲ್ಲ, ಅವನು ಪ್ರಾಥಮಿಕ ಶಾಲೆಯ ಮಾಸ್ತರ. ತನ್ನ ಗಾಡಿಗೆ ಏನಾಗುತ್ತಿದೆ ಎಂದು ತಿಳಿದಿರಬೇಕು ಎಂಬುದಷ್ಟೇ ಅವನ ಹಟ.

ನನ್ನದು ನೂರು ಪುಟದ ನೋಟ್‌ಬುಕ್ಕು. ಕೈಪಿಡಿಯ ಪಕ್ಕದಲ್ಲೇ ಇದೆ. ಬಿಡಿಭಾಗಗಳ ಬಿಲ್ಲುಗಳನ್ನು ಹಿಂದಿನ ಪುಟಗಳಿಗೆ ಅಂಟಿಸುತ್ತೇನೆ, ಕಿಲೋಮೀಟರ್ ಮೀಟರಿನ ಫೋಟೊ ಫೋನಿನಲ್ಲಿ ಇಡುತ್ತೇನೆ. ಕಳೆದ ಸಲ ಅಣ್ಣಾರು ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಅವರೆದುರೇ ಬರೆದೆ: ತಾರೀಖು, ಕಿಲೋಮೀಟರ್, ಎಣ್ಣೆ ಬದಲು, ಫಿಲ್ಟರ್ ಬದಲು, ಬ್ರೇಕ್ ನೋಡಿದ್ದು ಸರಿ ಇದೆ. ಅವರು ಬಗ್ಗಿ ಓದಿದರು.

"ವಾಶರ್ ಬರೀರಿ ಅಕ್ಕಾರ" ಅಂದರು.

ಬರೆದೆ. 'ವಾಶರ್ ಹೊಸಾದು, ರೂ. 20.'